ಚಕ್ರದ ಮೇಲಿನ ಅಕ್ಷರ

ಮೂವತ್ತು ವರ್ಷದಿಂದ ಮಕ್ಕಳಿಗೆ ಓದುವುದನ್ನು ಕಲಿಸುತ್ತ ಬಂದವಳು ನಾನು. ಮೊದಲು ಕಾಗುಣಿತ, ಒತ್ತಕ್ಷರ. ಆಮೇಲೆ ನಕ್ಷೆ, ಇಸವಿ, ಕೋಷ್ಟಕ. ಹೀಗೆ ಓದಿಸುತ್ತ ಓದಿಸುತ್ತ ಅಕ್ಷರ ಕಂಡಲ್ಲಿ ಕಣ್ಣು ನಿಲ್ಲುವ ಚಾಳಿ ಮೈಗೂಡಿಬಿಡುತ್ತದೆ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತೇವೆ. ಔಷಧಿ ಸೀಸೆ, ಸೀರೆಗೆ ಅಂಟಿಸಿದ ಚೀಟಿ, ಹಾಲಿನ ಪೊಟ್ಟಣದ ತಾರೀಖು, ಒಂದನ್ನೂ ಬಿಡುವುದಿಲ್ಲ. ಆದರೆ ಮನೆಯ ಮುಂದೆ ನಿಂತ ಕಾರಿನ ಚಕ್ರದ ಮೇಲೂ ಒಂದು ಸಾಲು ಬರಹವಿದೆಯಲ್ಲ, ಅದನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಗಂಡಸರೆಲ್ಲ ಓದಿದ್ದಾರೆ ಎಂದಲ್ಲ. ಓದದಿದ್ದರೂ ಓದಿದವರ ಹಾಗೆ ಚಕ್ರಕ್ಕೊಂದು ಒದೆ ಕೊಟ್ಟು, ‘ಪರವಾಗಿಲ್ಲ, ಗಾಳಿ ಇದೆ’ ಎಂದುಬಿಡುವ ಧೈರ್ಯ ಅವರಿಗಿದೆ, ಅಷ್ಟೇ.

ನಮ್ಮ ಮನೆಯಲ್ಲಿ ಕೆಲಸಗಳು ತಾವಾಗಿಯೇ ಹಂಚಿಹೋಗಿದ್ದವು. ಅಡುಗೆ, ಮಕ್ಕಳ ಫೀಸು, ನೆಂಟರ ಮುಯ್ಯಿ ನನ್ನ ಪಾಲು. ಕರೆಂಟು ಬಿಲ್ಲು, ಬಾವಿಯ ಪಂಪು, ಕಾರು ಅವರ ಪಾಲು. ನನಗೆ ಕಾರು ಓಡಿಸಲು ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ಬಾನೆಟ್ ಎತ್ತುವುದು ಮಾತ್ರ ನಮ್ಮವರದೇ ಹಕ್ಕು. 2014ರ ದೀಪಾವಳಿಯಲ್ಲಿ ಕೊಂಡ ಆಲ್ಟೊ ಅದು. ಅದರ ಹೆಸರಿಗೆ ಅವರು ಇನ್ನೂರು ಪುಟದ ಒಂದು ನೋಟ್ ಪುಸ್ತಕವನ್ನೇ ಇಟ್ಟಿದ್ದರು. ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಿದ್ದು, ಯಾವ ತಾರೀಖು ಗಾಳಿ ಹಿಡಿಸಿದ್ದು, ಬ್ಯಾಟರಿ ಕೊಂಡದ್ದು, ಎಲ್ಲವೂ ದುಂಡನೆಯ ಅಕ್ಷರದಲ್ಲಿ. ‘ಇಷ್ಟು ಚೆನ್ನಾಗಿ ಮಕ್ಕಳ ಜಾತಕವನ್ನೂ ಬರೆಸಿಡಲಿಲ್ಲ ನೀವು’ ಎಂದು ನಾನು ಚುಡಾಯಿಸುತ್ತಿದ್ದೆ.

2023ರ ನವೆಂಬರಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಸೋತಿತು, ಮಾತು ತೊದಲಾಯಿತು. ಪುಸ್ತಕದ ಅಕ್ಷರ ಆ ತಿಂಗಳಿಗೇ ನಿಂತಿತು. ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬರಬೇಕು. ತೀರ್ಥಹಳ್ಳಿ ಕಡೆಯವರಾದ ನಮಗೆ ಮಣಿಪಾಲವೆಂದರೆ ಆಗುಂಬೆ ಘಾಟಿ, ಅದರ 14 ತಿರುವುಗಳು, ಜೂನ್ ಬಂತೆಂದರೆ ಕಣ್ಣು ಬಿಡಿಸದ ಮಳೆ. ಪಕ್ಕದಲ್ಲಿ ಒಂದು ಕೈ ಆಡದ ಮನುಷ್ಯನನ್ನು ಕೂರಿಸಿಕೊಂಡು ಆ ಇಳಿಜಾರಿನಲ್ಲಿ ಹೋಗುವವಳು ನಾನು. ‘ಅಮ್ಮ, ಯಾಕೆ ತಲೆ ಕೆಡಿಸ್ಕೋತೀಯ, ಗ್ಯಾರೇಜಿನವರು ನೋಡ್ಕೋತಾರೆ’ ಎಂದ ಬೆಂಗಳೂರಿನಲ್ಲಿರುವ ಮಗ. ಗ್ಯಾರೇಜಿನವರು ನೋಡಿಕೊಳ್ಳಲಿ, ಬೇಡ ಎನ್ನಲಿಲ್ಲ. ಆದರೆ ಅವರು ಏನು ನೋಡಿದರು ಎನ್ನುವುದು ನನಗೂ ತಿಳಿಯಬೇಕಲ್ಲ! ನಾನು ಆ ಪುಸ್ತಕ ತೆಗೆದು ಮೊದಲ ಪುಟದಿಂದ ಓದಲು ಕೂತೆ.

ಮೊದಲ ಪುಟದಲ್ಲೇ ಟೈರಿನ ಸಾಲು ಇತ್ತು: 145/80 ಆರ್ 12 74 ಟಿ. ಹೊರಗೆ ಹೋಗಿ ನೋಡಿದರೆ ಚಕ್ರದ ಪಕ್ಕೆಯ ಮೇಲೂ ಅದೇ ಸಾಲು, ರಬ್ಬರಿನಲ್ಲಿ ಉಬ್ಬಿ ನಿಂತಿತ್ತು. ನಾನು ಒಂದೊಂದೇ ಅಂಕಿ ಓದುವುದು, ಜಗಲಿಯ ಕುರ್ಚಿಯಲ್ಲಿ ಕೂತ ಅವರು ತಡವರಿಸುತ್ತ ಅರ್ಥ ಹೇಳುವುದು. ಅವರ ಹತ್ತಿರ ಹೆಚ್ಚು ಮಾತಾಡಿಸಿ ಎಂದಿದ್ದರು ವೈದ್ಯರು. ಸಂಸಾರದ ಮಾತಿಗಿಂತ ಟೈರಿನ ಮಾತಿಗೆ ಅವರ ನಾಲಿಗೆ ಬೇಗ ಹೊರಳಿತು ಎಂದರೆ ಗೆಳತಿಯರು ನಗಬಹುದು.

145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎನ್ನುವುದು ಅದರ ಪಕ್ಕೆಯ ಎತ್ತರ; ಆದರೆ ಮಿಲಿಮೀಟರಲ್ಲ, ಶೇಕಡಾ. ಅಗಲದ ನೂರಕ್ಕೆ 80 ಪಾಲು, ಅಂದರೆ 116 ಮಿಲಿಮೀಟರು. 12 ಎಂದರೆ ಟೈರು ಕೂರುವ ಕಬ್ಬಿಣದ ಬಳೆಯ ಅಡ್ಡಳತೆ, ಅದು ಇಂಚಿನಲ್ಲಿ! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಇವೆ. ನಮ್ಮ ಶಾಲೆಯ ಮಕ್ಕಳು ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀರು ಬೀಳುತ್ತಿತ್ತು.

74 ಎಂದರೆ ಭಾರದ ಸಂಕೇತ. ಅದು ಕಿಲೋ ಅಲ್ಲ. ಒಂದು ಪಟ್ಟಿಯಲ್ಲಿ ನೋಡಿಕೊಳ್ಳಬೇಕಾದ ಸಂಖ್ಯೆ. 74ಕ್ಕೆ ಒಂದು ಟೈರು 375 ಕಿಲೋ ತಾಳುತ್ತದೆ, ನಾಲ್ಕಕ್ಕೆ 1500 ಕಿಲೋ. ಐದು ಜನ, ಅಕ್ಕಿ ಮೂಟೆ, ಹಲಸಿನ ಹಣ್ಣು ಎಲ್ಲವೂ ಕಾರಿನ ತೂಕದೊಂದಿಗೆ ಈ ಲೆಕ್ಕದೊಳಗೇ ಬರಬೇಕು. ಕೊನೆಯ ಅಕ್ಷರ ವೇಗದ್ದು. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರು, ಟಿ ಎಂದರೆ 190, ಯು ಎಂದರೆ 200. ಅದರ ಮುಂದೆ ವರ್ಣಮಾಲೆ ಬಿಟ್ಟು ಎಚ್ ಬಂದು 210 ಎಂದು ಕೂತಿದೆ. ನನ್ನ ಆಲ್ಟೊ 190ನ್ನು ಕನಸಿನಲ್ಲಿಯೂ ಕಂಡಿಲ್ಲ, ಕಾಣುವುದೂ ಬೇಡ. ಆದರೆ ಟೈರು ಬದಲಿಸುವಾಗ ಈ ಎರಡು ಗುರುತು ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕೆಳಗೆ ಇಳಿಯಬಾರದು.

ನಡುವಿನ ‘ಆರ್’ ಅಂದರೆ ರೇಡಿಯಲ್. ಇದನ್ನು ಅರ್ಥ ಮಾಡಿಕೊಳ್ಳಲು ನಮಗಿಂತ ತಕ್ಕವರಿಲ್ಲ. ರೇಷ್ಮೆ ದಾರದ ಬಳೆ ಮಾಡುವಾಗ ಬಳೆಯ ಅಡ್ಡಕ್ಕೆ ದಾರ ಸುತ್ತುತ್ತ ಹೋಗುತ್ತೇವಲ್ಲ, ಹಾಗೆಯೇ ಟೈರಿನೊಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡವಾಗಿರುತ್ತವೆ. ಅದರ ಮೇಲೆ, ನೆಲಕ್ಕೆ ತಾಗುವ ಭಾಗದ ಕೆಳಗೆ, ಉಕ್ಕಿನ ಎಳೆಯ ಪಟ್ಟಿ. ಹಳೆಯ ಟೈರುಗಳಲ್ಲಿ ದಾರ ಓರೆಯಾಗಿ ಒಂದರ ಮೇಲೊಂದು ಹಾಯುತ್ತಿತ್ತು. ಫ್ರಾನ್ಸಿನ ಮಿಷೆಲಿನ್ ಕಂಪನಿ ರೇಡಿಯಲ್ ಟೈರಿಗೆ ಹಕ್ಕುಪತ್ರ ಪಡೆದದ್ದು 1946ರಲ್ಲಿ.

ಇದೆಲ್ಲ ತಿಳಿದ ಮೇಲೆ ಸಿಕ್ಕಿದ್ದು ನಾಲ್ಕು ಅಂಕಿಗಳ ಒಂದು ಸಣ್ಣ ಗುರುತು. ಟೈರಿನ ಒಂದು ಪಕ್ಕೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಒಳಪಕ್ಕೆಯಲ್ಲಿ ಹುಡುಕಬೇಕು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಅದು ಟೈರಿನ ಜನ್ಮದಿನ. ನಮ್ಮ ನಾಲ್ಕೂ ಚಕ್ರ 2018ರವು. ಅವರು ಬದಲಿಸಿ ಪುಸ್ತಕದಲ್ಲಿ ಬರೆದೂ ಇದ್ದರು. ಡಿಕ್ಕಿಯೊಳಗಿನ ಸ್ಟೆಪ್ನಿ ತೆಗೆದು ನೋಡಿದೆ. ಹೊಚ್ಚಹೊಸದು. ಅಚ್ಚಿನಿಂದ ಬಂದಾಗಿನ ರಬ್ಬರಿನ ಸಣ್ಣ ಮೀಸೆಗಳು ಕೂಡ ಉದುರಿರಲಿಲ್ಲ. ಗುರುತು ಮಾತ್ರ 1114. ಎಂದರೆ 2014ರ ಹನ್ನೊಂದನೆಯ ವಾರ, ಮಾರ್ಚ್ ತಿಂಗಳು. ನೆಲವನ್ನೇ ಮುಟ್ಟದೆ ಹತ್ತು ವರ್ಷ ಕತ್ತಲಲ್ಲಿ ಮಲಗಿ ಮುದಿಯಾದ ಟೈರು ಅದು.

ರಬ್ಬರು ಓಡಿದರಷ್ಟೇ ಸವೆಯುವುದಿಲ್ಲ, ಸುಮ್ಮನಿದ್ದರೂ ಗಾಳಿಗೆ, ಬಿಸಿಗೆ ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷವಾದರೆ ಎಷ್ಟೇ ಹೊಸದಾಗಿ ಕಂಡರೂ, ಸ್ಟೆಪ್ನಿಯಾದರೂ ಸರಿ, ತೆಗೆದುಬಿಡಿ ಎಂಬುದು ಹಲವು ಟೈರು ತಯಾರಕರ ಸಲಹೆ. ಘಾಟಿಯ ನಡುವೆ ಟೈರು ಒಡೆದರೆ ನಂಬಿ ಹಾಕಿಕೊಳ್ಳಬೇಕಾದದ್ದು ಇದನ್ನೇ.

ಈ ಮಾತನ್ನು ನಮ್ಮವರಿಗೆ ಹೇಳುವುದೇ ಕಷ್ಟವಾಯಿತು. ಭಾನುವಾರ ಭಾನುವಾರ ಆ ಕಾರನ್ನು ಮಗುವಿನ ಹಾಗೆ ಒರೆಸಿದವರು. ಅವರ ಪುಸ್ತಕದಲ್ಲಿ ತಪ್ಪು ಹುಡುಕಿದ ಹಾಗಾದೀತು ಎಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಆ ನಾಲ್ಕು ಅಂಕಿಯನ್ನು ಚೀಟಿಯಲ್ಲಿ ಬರೆದು ಮುಂದಿಟ್ಟೆ. ನೋಡಿದರು. ಬಹಳ ಹೊತ್ತಿನ ಮೇಲೆ, ‘ಹೊಸದು ಅಂತ... ಇಟ್ಟಿದ್ದೆ’ ಎಂದರು. ಆಮೇಲೆ ಎಡಗೈಯಿಂದ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಅಂದಿನಿಂದ ಅದರಲ್ಲಿ ನನ್ನ ಅಕ್ಷರ.

2024ರ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಐದು ಟೈರು ಕೊಳ್ಳಲು ಹೋದೆ. ಅಂಗಡಿಯ ಹುಡುಗ ಉರುಳಿಸಿಕೊಂಡು ತಂದದ್ದರ ಮೇಲೆ ಬಗ್ಗಿ ಓದಿದೆ: 3821. ಎರಡು ವರ್ಷ ಎಂಟು ತಿಂಗಳು ಅಂಗಡಿಯಲ್ಲೇ ಕಳೆದಿತ್ತು.

‘ಇದಕ್ಕಿಂತ ಹೊಸದು ಕೊಡಿ’ ಎಂದೆ.

‘ಟೀಚರೇ, ಇದೇನು ಹಾಲಿನ ಪ್ಯಾಕೆಟ್ಟಾ?’ ಎಂದು ನಕ್ಕರು ಯಜಮಾನರು.

‘ಹಾಲು ಕೆಟ್ಟರೆ ಚೆಲ್ಲಬಹುದು ಸ್ವಾಮಿ. ಇದು ಕೆಟ್ಟರೆ ನಾವೇ ಕೆಳಗೆ ಬೀಳೋದು’ ಎಂದೆ.

ಅವರು ಮತ್ತೆ ಮಾತಾಡಲಿಲ್ಲ. ನೆರಳಿನಲ್ಲಿ ಸರಿಯಾಗಿಟ್ಟ ಟೈರು ಅಷ್ಟು ಬೇಗ ಕೆಡುವುದಿಲ್ಲ, ನಿಜ. ಆದರೆ ಅದರ ಆಯುಷ್ಯದ ಎರಡೂವರೆ ವರ್ಷವನ್ನು ನಾನೇಕೆ ಪೂರ್ತಿ ಬೆಲೆ ಕೊಟ್ಟು ಬಿಡಲಿ? ಒಳಗಿನಿಂದ 0924 ಬಂತು. ಫೆಬ್ರವರಿ ಕೊನೆಯ ಕೂಸು. ಐಎಸ್‌ಐ ಗುರುತೂ ಇತ್ತು. ನಮ್ಮ ದೇಶದಲ್ಲಿ ಟೈರಿಗೆ ಅದನ್ನು ಕಡ್ಡಾಯ ಮಾಡಿದ ಆದೇಶ 2009ರದು.

ಹೆಂಗಸರಿಗೆ ಗಾಡಿ ರಿಪೇರಿಯ ಉಸಾಬರಿ ಯಾಕೆ ಎನ್ನುವವರಿಗೆ ಸಮಾಜ ವಿಜ್ಞಾನದ ಟೀಚರಾದ ನನ್ನ ಹತ್ತಿರ ಒಂದು ಉತ್ತರವಿದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಗೃಹಿಣಿ, ಗಂಡ ಮಾಡಿದ್ದ ಮೋಟಾರು ಗಾಡಿಯನ್ನು ಗಂಡನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೇಲಿನ ದಾರಿ. ಮೋಟಾರಿನಲ್ಲಿ ಅಷ್ಟು ದೂರ ಹೋದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿನ ಮರ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಗಾಳಿ ತುಂಬಿದ ಟೈರಿಗೆ ಡನ್‌ಲಪ್ ಹಕ್ಕುಪತ್ರ ಪಡೆದದ್ದೂ ಅದೇ 1888ರಲ್ಲಿ; ಮಗನ ಮೂರು ಚಕ್ರದ ಸೈಕಲ್ಲು ಕುಲುಕುತ್ತದೆಂದು ಶುರು ಮಾಡಿದ ಕೆಲಸ ಅದು. ಕಾರು, ಟೈರು ಎರಡರ ಕಥೆಯಲ್ಲೂ ಮನೆ, ಮಕ್ಕಳು ಮೊದಲಿನಿಂದಲೇ ಇದ್ದಾರೆ.

ಈಗ ಭಾನುವಾರದ ಬೆಳಗು ನನ್ನದು. ಅರ್ಧ ಗಂಟೆ ಸಾಕು. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣ್ಣಗಿರುವಾಗ, ಆಯಿಲಿನ ಅಳತೆ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆ ಎರಡು ಗುರುತಿನ ನಡುವೆ ಇರಬೇಕು. ಕೂಲೆಂಟ್, ಬ್ರೇಕ್ ಆಯಿಲ್ ಡಬ್ಬಿಗಳಲ್ಲೂ ಹಾಗೆಯೇ ಮೇಲೊಂದು ಕೆಳಗೊಂದು ಗೆರೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು. ಪ್ರೆಷರ್ ಕುಕ್ಕರನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿಯ ಕೊನೆಗಳಲ್ಲಿ ಬಿಳಿ ಪುಡಿ ಕಟ್ಟಿದೆಯೇ, ವೈಪರಿನ ರಬ್ಬರು ಹರಿದಿದೆಯೇ ನೋಡುತ್ತೇನೆ.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಹತ್ತಿರದ ಅಂಗಡಿಯಲ್ಲಿ ನೋಡಿಸುತ್ತೇನೆ. ಓಡಿ ಬಿಸಿಯಾದ ಟೈರು ಹೆಚ್ಚು ಗಾಳಿ ತೋರಿಸುತ್ತದೆ. ಎಷ್ಟು ಪೌಂಡು ಎನ್ನುವುದು ಡ್ರೈವರ್ ಬಾಗಿಲಿನ ಹತ್ತಿರದ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಅದು ತಾಳುವ ಗರಿಷ್ಠ ಗಾಳಿ, ಹಿಡಿಸಬೇಕಾದದ್ದು ಅಷ್ಟಲ್ಲ. ಸ್ಟೆಪ್ನಿಗೂ ಹಿಡಿಸುತ್ತೇನೆ.

ಟೈರು ಸವೆದ ಬಗೆಯೂ ಒಂದು ಬರಹವೇ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿವೆ. ಎಲ್ಲಿವೆ ಎಂದು ತೋರಿಸಲು ಅಂಚಿನಲ್ಲಿ ಒಂದು ತ್ರಿಕೋನವೋ, ಟಿಡಬ್ಲ್ಯುಐ ಎಂಬ ಅಕ್ಷರಗಳೋ ಇರುತ್ತವೆ. ಟೈರು ಸವೆದು ಆ ದಿಣ್ಣೆಗೆ ಸಮವಾಯಿತೆಂದರೆ ಗೀರಿನ ಆಳ ಉಳಿದಿರುವುದು 1.6 ಮಿಲಿಮೀಟರು. ಕಾರಿಗೆ ಕಾನೂನು ಒಪ್ಪುವ ಕಡೆಯ ಗೆರೆ ಅದು. ಮಳೆಯ ನೀರನ್ನು ಆಚೆ ಹರಿಸುವ ಕಾಲುವೆಗಳೇ ಈ ಗೀರುಗಳು. ಕಾಲುವೆ ಹೂತರೆ ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಕೇಳುವುದಿಲ್ಲ, ಸ್ಟೇರಿಂಗೂ ಕೇಳುವುದಿಲ್ಲ.

ಆ ವರ್ಷದ ಜುಲೈ ಮಳೆಯಲ್ಲೂ ಘಾಟಿ ಇಳಿದೆವು. ನಾಲ್ಕನೆಯ ತಿರುವಿನ ಹೊತ್ತಿಗೆ ನಮ್ಮವರು ಕಣ್ಣು ಮುಚ್ಚಿದ್ದರು. ಭಯವೋ ಎಂದು ನೋಡಿದೆ. ಇಲ್ಲ, ನಿದ್ದೆ ಹತ್ತಿತ್ತು. ಇನ್ನೊಬ್ಬರು ಕಾರು ಓಡಿಸುವಾಗ ಅವರು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಶಾಲೆ ತೆರೆದ ಮೇಲೆ ಒಂದು ದಿನ ಲೆಕ್ಕದ ಮೇಷ್ಟ್ರ ಪೀರಿಯಡ್ಡು ಕೇಳಿ ಪಡೆದು, ಒಂಬತ್ತನೇ ತರಗತಿಯ ಮಕ್ಕಳನ್ನು ಕಾರಿನ ಸುತ್ತ ನಿಲ್ಲಿಸಿದೆ. ಹನ್ನೆರಡು ಇಂಚಿಗೆ ಪಕ್ಕೆಯ ಎತ್ತರ ಎರಡು ಸಲ ಕೂಡಿಸಿ, ಚಕ್ರದ ಸುತ್ತಳತೆ ಕಂಡುಹಿಡಿದು, ಒಂದು ಕಿಲೋಮೀಟರಿಗೆ ಅದು ಸುಮಾರು 590 ಸಲ ಉರುಳುತ್ತದೆಂದು ಅವರೇ ಲೆಕ್ಕ ಹಾಕಿದರು. ನಾಲ್ಕು ಅಂಕಿಯ ಗುಟ್ಟನ್ನೂ ಹೇಳಿಕೊಟ್ಟೆ. ಮರುದಿನ ಪ್ರಾರ್ಥನೆಗೆ ಮುಂಚೆ, ಬಾಡಿಗೆ ವ್ಯಾನು ಓಡಿಸುವವರ ಮಗಳೊಬ್ಬಳು ಓಡಿಬಂದು ಅಂಗೈ ಚಾಚಿದಳು. ನೀಲಿ ಶಾಯಿಯಲ್ಲಿ ಐದು ಸಂಖ್ಯೆ ಬರೆದಿತ್ತು. ಒಂದರ ಕೆಳಗೆ ಎರಡು ಗೆರೆ.

‘ಟೀಚರ್, ಇದೊಂದು ಒಂಬತ್ತು ವರ್ಷದ್ದು. ಅಪ್ಪಂಗೆ ಗೊತ್ತೇ ಇರಲಿಲ್ಲ. ಸಂತೆ ದಿನ ಬದಲಾಯಿಸ್ತಾರಂತೆ. ನಾನೂ ಹೋಗ್ತೀನಿ, ಓದೋಕೆ.’