ಒಂಟಿಗಾಲಿನ ಹತ್ತು ಸೆಕೆಂಡು

ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರುಗಳಲ್ಲಿ ಭತ್ತದ ಗದ್ದೆಯ ಜಾರುವ ಬದುವಿನ ಮೇಲೆ ನಡೆಯುವ ಹಿರಿಯರ ದೇಹವು ಪ್ರತಿ ಹೆಜ್ಜೆಯಲ್ಲಿಯೂ ಕ್ಷಣಕಾಲ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಆ ನಿಲುವಿನ ಸ್ಥಿರತೆಯನ್ನು ವೈದ್ಯವಿಜ್ಞಾನವು ವೃದ್ಧಾಪ್ಯದ ಆರೋಗ್ಯದ ಒಂದು ಅಳತೆಯಾಗಿ ಪರಿಗಣಿಸುತ್ತದೆ. ಇದು ಕೇವಲ ಸ್ನಾಯುಬಲದ ಪರೀಕ್ಷೆಯಲ್ಲ. ಒಳಕಿವಿಯ ದ್ರವ ತುಂಬಿದ ಅರ್ಧವರ್ತುಲ ನಾಳಗಳು ತಲೆಯ ತಿರುವನ್ನು, ಕಣ್ಣು ಸುತ್ತಲಿನ ಜಾಗವನ್ನು, ಅಂಗಾಲು ಮತ್ತು ಕೀಲುಗಳ ನರಗಳು ದೇಹದ ವಾಲುವಿಕೆಯನ್ನು ತಿಳಿಸಿದಾಗ, ಚಲನೆಗಳನ್ನು ಹೊಂದಿಸುವ ಮಿದುಳಿನ ಹಿಂಭಾಗವಾದ ಕಿರುಮಿದುಳು ಅವೆಲ್ಲವನ್ನೂ ಕೂಡಿಸಿ ಸೊಂಟ ಮತ್ತು ಕಣಕಾಲಿನ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಆದ್ದರಿಂದಲೇ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಮಂದವಾದವರು, ಕಾಲಿನ ಸ್ನಾಯುಗಳು ಗಟ್ಟಿಯಾಗಿದ್ದರೂ, ಬೇಗ ತೂಗಾಡುತ್ತಾರೆ.

ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂಟಿಗಾಲಿನಲ್ಲಿ 10 ಸೆಕೆಂಡು ನಿಲ್ಲಲಾಗಲಿಲ್ಲ; ವಯಸ್ಸು ಮತ್ತು ರೋಗಗಳನ್ನು ಲೆಕ್ಕಕ್ಕೆ ಹಿಡಿದ ಬಳಿಕವೂ ಮುಂದಿನ ಸುಮಾರು 7 ವರ್ಷಗಳಲ್ಲಿ ಅಂಥವರ ಮರಣದ ಅಪಾಯ ಶೇ. 84ರಷ್ಟು ಹೆಚ್ಚಿತ್ತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. ಆದರೂ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ನೋಡುವಾಗಲೇ, ಹಿಡಿಯಲು ಗೋಡೆಯೂ ಪಕ್ಕದಲ್ಲೊಬ್ಬರೂ ಇರುವಂತೆ ನೋಡಿಕೊಂಡು, ಈ ಪರೀಕ್ಷೆಯನ್ನೂ ನಡೆಸುವುದು ಅಗತ್ಯ. ಏಕೆಂದರೆ ಸಮತೋಲನ ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.