ಉಳುಕು ಎಂದುಕೊಂಡಿದ್ದೆ

ಪಾಂಡವಪುರ ಉಪವಿಭಾಗಕ್ಕೆ ಸೇರಿದ ನಾಲ್ಕೂ ತಾಲ್ಲೂಕುಗಳಲ್ಲಿ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳಲ್ಲಿ, ವಿಜ್ಞಾನದ ಮೇಷ್ಟ್ರಾಗಿ ದುಡಿದವನು ನಾನು. ಆಗಸ್ಟ್ ಬಂತೆಂದರೆ ಶಾಲೆಗಳಲ್ಲಿ ಕ್ರೀಡಾಕೂಟದ ಗದ್ದಲ. ಮೊದಲು ಹೋಬಳಿ ಮಟ್ಟ, ಅಲ್ಲಿ ಗೆದ್ದರೆ ತಾಲ್ಲೂಕು ಮಟ್ಟ, ಅನಂತರ ಜಿಲ್ಲಾ ಮಟ್ಟ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದ ಕಡೆ ಮಕ್ಕಳನ್ನು ಕರೆದೊಯ್ಯುವ ಹೊಣೆ ನನ್ನಂಥವರ ಹೆಗಲಿಗೆ ಬೀಳುತ್ತಿತ್ತು. ಹಾಗೆ ಬಿದ್ದ ಹೊಣೆಯೊಂದನ್ನು ನಾನು ಸರಿಯಾಗಿ ಹೊರಲಿಲ್ಲ. ಇಷ್ಟು ವರ್ಷ ಯಾರಲ್ಲೂ ಹೇಳಿಕೊಳ್ಳದ ಆ ಸಂಗತಿಯನ್ನು ಈಗ ಬರೆಯಲು ಒಂದು ಕಾರಣ ಒದಗಿದೆ.

1998ರ ಮಾತು. ಊರು ಯಾವುದೆಂದು ಹೇಳುವುದಿಲ್ಲ, ಆ ಹುಡುಗಿಯ ಗುರುತು ಸಿಗಬಾರದು. ಒಂಬತ್ತನೆಯ ತರಗತಿಯ ಆಕೆ ನಮ್ಮ ಖೋ ಖೋ ತಂಡದ ಜೀವವಾಗಿದ್ದಳು. ಸಾಲಾಗಿ ಕುಳಿತವರ ನಡುವೆ ಸರಪಳಿಯಂತೆ ಸುಳಿಯುತ್ತಾ ಓಡಲು ನಿಂತರೆ ಎದುರು ತಂಡದವರು ಬೆವರು ಒರೆಸಿಕೊಳ್ಳಬೇಕಾಗುತ್ತಿತ್ತು. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಕಂಬದ ಬಳಿ ಸರಕ್ಕನೆ ತಿರುಗಿದವಳು ಕುಸಿದು ಕುಳಿತಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ‘ಮಂಡಿಯೊಳಗೆ ತಟ್ ಅಂತ ಸದ್ದಾಯಿತು ಸಾರ್’ ಎಂದಳು. ಸಂಜೆಯ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

ನಾನು ಅದನ್ನು ಉಳುಕು ಎಂದುಕೊಂಡೆ. ಮುಲಾಮು ಹಚ್ಚಿ ಚೆನ್ನಾಗಿ ತಿಕ್ಕಿಸಿದೆ. ಉಪ್ಪಿನ ಶಾಖ ಕೊಡಿಸಿದೆ. ಮರುದಿನ ಉಳುಕು ತೆಗೆಯುವವರೊಬ್ಬರ ಬಳಿಗೆ ಕರೆದೊಯ್ದು ಕಾಲು ಎಳೆಸಿದೆ. ಆ ಮಗುವಿನ ಕೂಗು ಇಂದಿಗೂ ಕಿವಿಯಲ್ಲಿದೆ. ಮೂರು ವಾರಕ್ಕೆ ಊತ ಇಳಿಯಿತು, ಅವಳು ನಡೆಯತೊಡಗಿದಳು. ಜಿಲ್ಲಾ ಮಟ್ಟದ ಪಂದ್ಯ ಎದುರಿಗಿತ್ತು. ‘ಆಡುತ್ತೀಯೇನಮ್ಮಾ?’ ಎಂದು ಕೇಳಿದೆ. ಮೇಷ್ಟ್ರು ಕೇಳಿದಾಗ ಇಲ್ಲವೆನ್ನುವ ಧೈರ್ಯ ಯಾವ ಮಗುವಿಗಿದೆ? ಆಡಿದಳು. ಎರಡನೆಯ ಓಟದಲ್ಲೇ ಮಂಡಿ ಮತ್ತೆ ಕಳಚಿದಂತಾಗಿ ಬಿದ್ದಳು. ಅದೇ ಅವಳ ಕೊನೆಯ ಪಂದ್ಯ.

ಕಳೆದ ವರ್ಷ ಆಕೆಯಿಂದಲೇ ದೂರವಾಣಿ ಕರೆ ಬಂತು. ಮಗಳು ಎಂಟನೆಯ ತರಗತಿಯಂತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಗೆದ್ದವಲ್ಲ, ಆ ತಂಡಗಳಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ, ನಮ್ಮ ಮಂಡ್ಯ ಜಿಲ್ಲೆಯ ಗೌತಮ್ ಇದ್ದರು. ಪತ್ರಿಕೆಯಲ್ಲಿ ಬಂದ ಚೈತ್ರಾಳ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿರುವ ಹುಡುಗಿ ಶಾಲೆಯ ತಂಡಕ್ಕೆ ಸೇರಿದ್ದಾಳೆ.

‘ಸಾರ್, ಆಡಕ್ಕೆ ಬುಡ್ಲಾ, ಬ್ಯಾಡ್ವಾ? ನಂಗಂತೂ ಇವತ್ಗೂ ಗದ್ದೆ ಬದಿನ ಮ್ಯಾಲೆ ನಡೆಯೋವಾಗ ಮಂಡಿ ಕೈ ಕೊಡ್ತದೆ. ನೀವೇ ಯೋಳಿ’ ಎಂದಳು.

ಅವಳ ಮಾತಿನಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ‘ಒಂದು ತಿಂಗಳು ಸಮಯ ಕೊಡಮ್ಮಾ, ಓದಿ ಹೇಳುತ್ತೇನೆ’ ಎಂದೆ. ಮೂಳೆತಜ್ಞನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನ ನೆರವಿನಿಂದ ಕ್ರೀಡಾವಿಜ್ಞಾನದ ಬರಹಗಳನ್ನು ಓದತೊಡಗಿದೆ.

ಮೊದಲು ತಿಳಿದದ್ದು ನನ್ನ ತಪ್ಪೇ. ಮಂಡಿ ಬಾಗಿಲಿನ ಬಿಜಾಗರಿಯಂಥ ಕೀಲು ಎಂದು ನಾನು ತರಗತಿಯಲ್ಲಿ ಪಾಠ ಮಾಡಿದವನು. ಆ ಕೀಲಿನ ನಡುವೆ ತೊಡೆಯ ಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಇದೆ. ಓಡುವಾಗ ತಟ್ಟನೆ ದಿಕ್ಕು ಬದಲಿಸಿದಾಗ ಅಥವಾ ನೆಗೆದು ಇಳಿಯುವಾಗ ಮಂಡಿ ಒಳಮುಖವಾಗಿ ವಾಲಿದರೆ ಅದು ಹರಿಯಬಹುದು. ಹೆಚ್ಚಿನ ಸಲ ಬೇರೆಯವರು ತಗುಲದೆಯೇ ಹಾಗಾಗುತ್ತದೆ. ಒಳಗೆ ಸದ್ದು, ಕೆಲವೇ ಗಂಟೆಗಳಲ್ಲಿ ಊತ, ಮುಂದೆ ನಡೆಯುವಾಗ ಮಂಡಿ ಕುಸಿಯುವುದು ಅದರ ಲಕ್ಷಣಗಳು. ಮೂರೂ ಅವಳಲ್ಲಿದ್ದವು. ಒಂದೇ ಬಗೆಯ ಆಟವಾಡುವ ಹುಡುಗರಿಗಿಂತ ಹರೆಯದ ಹುಡುಗಿಯರಿಗೆ ಈ ಅಪಾಯ ಹಲವು ಪಟ್ಟು ಹೆಚ್ಚು. ಊದಿದ ಮಂಡಿಯನ್ನು ತಿಕ್ಕುವುದು, ಶಾಖ ಕೊಡುವುದು, ಎಳೆಯುವುದು ಎಲ್ಲವೂ ಮಾಡಬಾರದ ಕೆಲಸಗಳೇ.

ಎರಡನೆಯದು ಮನಸ್ಸಿಗೆ ಬೆಳಕು ತಂದ ಸಂಗತಿ. ಈ ಪೆಟ್ಟನ್ನು ಬಹುಮಟ್ಟಿಗೆ ತಡೆಯಬಹುದು. ನಾರ್ವೆ ದೇಶದಲ್ಲಿ ಹ್ಯಾಂಡ್‌ಬಾಲ್ ಆಡುವ 15ರಿಂದ 17 ವರ್ಷದ 1,837 ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿನವರು ಅಭ್ಯಾಸಕ್ಕೆ ಮೊದಲು ಕಾಲು ನಿಮಿಷವಲ್ಲ, ಕಾಲು ಗಂಟೆಗೂ ಮಿಕ್ಕಿ ಓಟ, ಸಮತೋಲನ, ಬಲ ಮತ್ತು ನೆಗೆದು ಸರಿಯಾಗಿ ಇಳಿಯುವ ವ್ಯಾಯಾಮಗಳನ್ನು ಮಾಡಿದರು. ಇನ್ನೊಂದು ಗುಂಪಿನವರು ಎಂದಿನಂತೆ ಆಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಆ ಋತುವಿನಲ್ಲಿ ಎಂದಿನಂತೆ ಆಡಿದವರಲ್ಲಿ ಮಂಡಿ ಮತ್ತು ಕಣಕಾಲಿನ ಪೆಟ್ಟುಗಳು 81, ವ್ಯಾಯಾಮ ಮಾಡಿದವರಲ್ಲಿ 48. 2008ರಲ್ಲಿ ಪ್ರಕಟವಾದ, ಫುಟ್‌ಬಾಲ್ ಆಡುವ ಹುಡುಗಿಯರ ಅಧ್ಯಯನದಲ್ಲೂ ಪೆಟ್ಟುಗಳು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾದವು. ಅವರು ಮಾಡಿದ್ದು ಇಂದು ಫಿಫಾ 11+ ಎಂದು ಹೆಸರಾಗಿರುವ 20 ನಿಮಿಷದ ಕ್ರಮ. ಅದಕ್ಕೆ ಬೆಲೆಬಾಳುವ ಯಂತ್ರವಾಗಲಿ ಹವಾನಿಯಂತ್ರಿತ ಕೋಣೆಯಾಗಲಿ ಬೇಡ.

ನಾವು ಮಾಡಿಸುತ್ತಿದ್ದುದೇನು? ಸಾಲಾಗಿ ನಿಲ್ಲಿಸಿ ಕಾಲಿನ ಬೆರಳು ಮುಟ್ಟಿಸಿ, ಸ್ನಾಯುಗಳನ್ನು ಎಳೆದು ಹಿಡಿಸಿ, ಸೀಟಿ ಊದುತ್ತಿದ್ದೆವು. ಆಸ್ಟ್ರೇಲಿಯಾದ ಸೇನೆಗೆ ಹೊಸದಾಗಿ ಸೇರಿದ 1,538 ಮಂದಿಯ ಮೇಲೆ 12 ವಾರ ನಡೆಸಿದ ಅಧ್ಯಯನವೊಂದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಕಸರತ್ತಿಗೆ ಮುನ್ನ ಹಾಗೆ ಸ್ನಾಯು ಎಳೆದವರಿಗೂ ಎಳೆಯದವರಿಗೂ ಪೆಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ತಂದದ್ದು ಸೇರುವಾಗ ಅವರ ಮೈಯಲ್ಲಿದ್ದ ಕಸುವು. ಓಟದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರೇ ಹೆಚ್ಚು ಪೆಟ್ಟು ತಿಂದರು.

ಇದನ್ನು ಓದಿದಾಗ ನಮ್ಮ ಕಡೆಯ ಗರಡಿಮನೆಗಳು ನೆನಪಾದವು. ಹೊಸದಾಗಿ ಬಂದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಪಟ್ಟು ಹೇಳಿಕೊಡುತ್ತಿರಲಿಲ್ಲ. ಮಟ್ಟಿ ಅಗೆಸುತ್ತಿದ್ದರು, ದಂಡ, ಬಸ್ಕಿ ಹೊಡೆಸುತ್ತಿದ್ದರು. ತಿಂಗಳುಗಟ್ಟಲೆ ಮೈ ಹದಗೊಂಡ ಮೇಲೆ ಜೋಡಿ. ಪುರಾತನ ಗ್ರೀಸಿನ ಮೈಲೋ ಎಂಬ ಜಟ್ಟಿ ಎಳೆಗರುವೊಂದನ್ನು ದಿನವೂ ಹೊತ್ತು ನಡೆದು, ಅದು ಬೆಳೆದಂತೆ ತಾನೂ ಬಲಿತು, ಕೊನೆಗೆ ಎತ್ತನ್ನೇ ಹೊತ್ತನೆಂಬ ಐತಿಹ್ಯವಿದೆ. ಭಾರ ಮೆಲ್ಲನೆ ಏರಬೇಕು ಎಂಬುದು ಗರಡಿಗೂ ಗೊತ್ತಿತ್ತು, ಗ್ರೀಸಿಗೂ ಗೊತ್ತಿತ್ತು. ಶಾಲೆಯವರಾದ ನಾವು ಮಾತ್ರ ಜುಲೈ ಕೊನೆಯಲ್ಲಿ ತಂಡ ಆರಿಸಿ, ಹದಿನೈದು ದಿನ ಬೆಳಿಗ್ಗೆ ಸಂಜೆ ಓಡಿಸಿ, ಎತ್ತನ್ನು ಒಮ್ಮೆಲೇ ಹೆಗಲ ಮೇಲೆ ಹೊರಿಸುತ್ತಿದ್ದೆವು. ಅಭ್ಯಾಸದ ಹೊರೆ ಏಕಾಏಕಿ ಏರಿದಾಗ ಪೆಟ್ಟು ಹೆಚ್ಚುತ್ತದೆಂದು ಟಿಮ್ ಗ್ಯಾಬೆಟ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ 2016ರಲ್ಲಿ ವಿವರವಾಗಿ ಬರೆದರು. ಅವರು ಕೊಟ್ಟ ಲೆಕ್ಕದ ಸೂತ್ರದ ಬಗ್ಗೆ ತಕರಾರುಗಳಿವೆ. ಆದರೆ ಹಠಾತ್ತನೆ ಹೊರೆ ಏರಿಸಬಾರದೆಂಬ ಎಚ್ಚರಿಕೆಯನ್ನು ತರಬೇತುದಾರರು ಒಪ್ಪುತ್ತಾರೆ.

ಇನ್ನೊಂದು ಮಾತು. ನಾಗಮಂಗಲದ ಕಡೆ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಕ್ಕಳು ಮೂರು ನಾಲ್ಕು ಮೈಲಿ ನಡೆದು ಬರುತ್ತಿದ್ದರು, ಮನೆಗೆ ಹೋಗಿ ನೀರು ಹೊರುತ್ತಿದ್ದರು. ಆ ಕಷ್ಟವೇ ಅವರಿಗೆ ಅಷ್ಟಿಷ್ಟು ಕಸುವು ಕೊಟ್ಟಿತ್ತು. 2006–07ರಲ್ಲಿ ಸರ್ಕಾರದ ಸೈಕಲ್ ಬಂತು, ಅನಂತರ ಶಾಲೆಯ ವ್ಯಾನುಗಳು ಬಂದವು. ಬಂದದ್ದು ಒಳ್ಳೆಯದೇ, ಹೆಣ್ಣುಮಕ್ಕಳ ಓದು ಉಳಿಯಿತು. ಆದರೆ ದಾರಿ ಕೊಡುತ್ತಿದ್ದುದನ್ನು ಈಗ ಮೈದಾನದಲ್ಲಿ ನಾವೇ ಕೊಡಬೇಕು.

ತಿಂಗಳಾದ ಮೇಲೆ ಅವಳಿಗೆ ಕರೆ ಮಾಡಿದೆ. ‘ಧಾರಾಳವಾಗಿ ಆಡಿಸಮ್ಮಾ. ಆದರೆ ಆಗಸ್ಟಿಗೆ ಕಾಯಬೇಡ, ಈಗಿನಿಂದಲೇ ಸಿದ್ಧಮಾಡು’ ಎಂದೆ. ನೋಟುಪುಸ್ತಕದ ಹಾಳೆಯ ಮೇಲೆ ಬರೆದು ಕಳಿಸಿದ ಕ್ರಮ ಇಷ್ಟು: 8 ನಿಮಿಷ ನಿಧಾನದ ಓಟ. 10 ನಿಮಿಷ ಬಸ್ಕಿ, ಒಂಟಿಗಾಲಿನಲ್ಲಿ ನಿಲ್ಲುವುದು, ಮೊಣಕೈ ಊರಿ ಮೈಯನ್ನು ಹಲಗೆಯಂತೆ ಹಿಡಿಯುವುದು, ಮಂಡಿಯೂರಿ ಕುಳಿತು ಯಾರಾದರೂ ಕಣಕಾಲು ಹಿಡಿದಿರುವಾಗ ಮೆಲ್ಲನೆ ಮುಂದಕ್ಕೆ ಬಾಗುವುದು, ನೆಗೆದು ಇಳಿಯುವುದು. ಇಳಿಯುವಾಗ ಮಂಡಿ ಮಡಿಸಿರಬೇಕು, ಪಾದದ ನೇರಕ್ಕಿರಬೇಕು, ಸದ್ದಾಗಬಾರದು. ಕೊನೆಯ 2 ನಿಮಿಷ ಬಿರುಸಿನ ಓಟ ಮತ್ತು ತಿರುವು. ವಾರಕ್ಕೆ ಎರಡು ಮೂರು ದಿನ, ತಪ್ಪದೆ. ಬಿಟ್ಟುಬಿಟ್ಟು ಮಾಡಿದರೆ ಫಲವಿಲ್ಲ. ಮಂಡಿಯಲ್ಲಿ ಸದ್ದಾಗಿ ಊದಿಕೊಂಡರೆ ಆಟ ಅಲ್ಲಿಗೇ ನಿಲ್ಲಬೇಕು, ಮೂಳೆವೈದ್ಯರನ್ನು ಕಾಣಬೇಕು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು ಕನಿಷ್ಠ 9 ತಿಂಗಳು ಕಾಯಬೇಕು.

ಕೊನೆಗೆ, ‘ಅಂದು ನಿನ್ನನ್ನು ಆಡಿಸಬಾರದಿತ್ತು, ನನ್ನದು ತಪ್ಪಾಯಿತಮ್ಮಾ’ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ‘ಅಂಗೆಲ್ಲ ಅನ್ಬ್ಯಾಡಿ ಸಾರ್. ನಿಮ್ಗೂ ಗೊತ್ತಿರ್ನಿಲ್ಲ’ ಎಂದಳು.

ಗೊತ್ತಿರಲಿಲ್ಲ, ನಿಜ. ಪೆಟ್ಟಾದ ಜಾಗಕ್ಕೆ ಮಂಜುಗಡ್ಡೆ ಇಡಿ, ವಿಶ್ರಾಂತಿ ಕೊಡಿ ಎಂಬ ಸೂತ್ರವನ್ನು 1978ರಲ್ಲಿ ಜಗತ್ತಿಗೆಲ್ಲ ಕಲಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಮಂಜುಗಡ್ಡೆ ಗಾಯ ಮಾಗುವುದನ್ನು ತಡಮಾಡಬಹುದೆಂದು ಮುಂದೆ ತಾವೇ ತಿದ್ದಿ ಬರೆದರು. ಕಲಿಸಿದವನು ತಿದ್ದಿಕೊಳ್ಳುವುದರಲ್ಲಿ ಅವಮಾನವಿಲ್ಲ. ಆದರೆ ನಾನು ತಿಳಿಯಲು ಪ್ರಯತ್ನಿಸಲೂ ಇಲ್ಲ. ಪಕ್ಕದ ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಯಿತ್ತು, ನನಗೆ ಪಂದ್ಯ ದೊಡ್ಡದಾಗಿ ಕಂಡಿತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ತಂದೆತಾಯಿಯರಾಗಿದ್ದೀರಿ. ಈ ಇಪ್ಪತ್ತು ನಿಮಿಷವನ್ನು ನಿಮ್ಮ ಮಕ್ಕಳಿಗೆ ಕೊಡಿ. ಕುಂಟುತ್ತಿರುವ ಮಗುವನ್ನು ‘ಆಡುತ್ತೀಯಾ?’ ಎಂದು ಕೇಳಬೇಡಿ, ಅದು ‘ಹ್ಞೂಂ’ ಎಂದೇ ಅನ್ನುತ್ತದೆ. ಆ ಹುಡುಗಿ ಈಗ ಹಟ್ಟಿಯ ಮುಂದೆ ಒಂಟಿಗಾಲಿನಲ್ಲಿ ನಿಂತೇ ಹಲ್ಲುಜ್ಜುತ್ತಾಳಂತೆ. ಅಜ್ಜಿ ಬೈಯುತ್ತಾರಂತೆ, ತಾಯಿ ಪಕ್ಕದಲ್ಲಿ ನಿಂತು ಎಣಿಸುತ್ತಾಳಂತೆ.