ಒಂದು ಚುಕ್ಕೆಯ ಬೆಲೆ

ಕನ್ನಡದಲ್ಲಿ ‘ಧ’ಕಾರಕ್ಕೂ ‘ಥ’ಕಾರಕ್ಕೂ ಇರುವ ಅಂತರ ನಡುವಣ ಒಂದು ಚುಕ್ಕೆ ಮಾತ್ರ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಮಕ್ಕಳಿಗೆ ಹೇಳಿದೆನೋ ಲೆಕ್ಕವಿಲ್ಲ. ಆದರೆ ಆ ಚುಕ್ಕೆಯ ಬೆಲೆ ನನಗೇ ತಿಳಿದದ್ದು ನಿವೃತ್ತಳಾದ ಮೇಲೆ.

ಬನಶಂಕರಿ ಎರಡನೆಯ ಹಂತದ ನಮ್ಮ ಮನೆಯಲ್ಲಿ ಕುಳಿತು ಪರಿಚಿತರ ಪುಸ್ತಕಗಳ ಕರಡು ತಿದ್ದಿಕೊಡುವುದು ಈಗ ನನ್ನ ಕಾಯಕ. ಹಿಂದೆ ಕರಡೆಂದರೆ ಹಾಳೆ ಮತ್ತು ಕೆಂಪು ಶಾಯಿ. ಈಗ ಎಲ್ಲವೂ ಕಂಪ್ಯೂಟರಿನಲ್ಲಿಯೇ ಬರುತ್ತದೆ. ಅಲ್ಲಿಯೇ ತಿದ್ದಿ ಹಿಂದಿರುಗಿಸಬೇಕು. ಬಂಧುಗಳೊಬ್ಬರು ಲಿಂಗೈಕ್ಯರಾದ ತಮ್ಮ ತಂದೆಯವರ ನೆನಪಿಗೆ ಸ್ಮರಣ ಸಂಚಿಕೆಯೊಂದನ್ನು ಹೊರತಂದಾಗ ಅದರ ಕರಡನ್ನೂ ನಾನೇ ತಿದ್ದಿದ್ದೆ. ಪುಸ್ತಕ ಕೈಗೆ ಬಂದ ದಿನ ಆ ಹಿರಿಯರ ಮಡದಿ ಭೂತಗನ್ನಡಿ ಹಿಡಿದು ಮೊದಲ ಪುಟವನ್ನು ಓದಿದರು. ‘ಗ್ರಂಥಗಳ ಅರ್ಥ ಬಲ್ಲವರು’ ಎಂದಿರಬೇಕಾದಲ್ಲಿ ‘ಗ್ರಂಥಗಳ ಅರ್ಧ ಬಲ್ಲವರು’ ಎಂದು ಅಚ್ಚಾಗಿತ್ತು. ಅಜ್ಜಿ ಸಿಟ್ಟಾಗಲಿಲ್ಲ. “ಅವರಿಗೆ ಅರ್ಧ ಅಷ್ಟೇ ಗೊತ್ತಿತ್ತೇನವ್ವಾ?” ಎಂದು ಮೆಲ್ಲಗೆ ಕೇಳಿದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

300 ಪ್ರತಿಗಳನ್ನೂ ಮನೆಗೆ ತರಿಸಿಕೊಂಡು, ಮೂರು ಸಂಜೆ ಕುಳಿತು, ಕಪ್ಪು ಶಾಯಿಯಲ್ಲಿ ಒಂದೊಂದು ಚುಕ್ಕೆ ಇಟ್ಟೆ. ನಮ್ಮ ಮನೆಯವರು ಪುಟ ತೆರೆದುಕೊಟ್ಟರು. ಪುಸ್ತಕ ಸರಿಯಾಯಿತು, ಮನಸ್ಸು ಸರಿಯಾಗಲಿಲ್ಲ. ಸಂಜೆಯಾಗುತ್ತಲೇ ಕಣ್ಣಿನಲ್ಲಿ ಮರಳು ಹೊಕ್ಕಂತೆ ಉರಿ, ಸಾಲುಗಳು ಒಂದರೊಳಗೊಂದು ಬೆರೆಯುವುದು ಬಹಳ ದಿನಗಳಿಂದ ಇತ್ತು. ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿದ್ದೆ.

ಜಯನಗರದ ಕಣ್ಣಿನ ವೈದ್ಯರು ಪರೀಕ್ಷಿಸಿ, ಕಣ್ಣಿನ ಪಸೆ ಒಣಗಿದೆ ಎಂದರು. ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತಾನೆ; ಪರದೆಯನ್ನು ನೆಟ್ಟ ದೃಷ್ಟಿಯಿಂದ ನೋಡುವಾಗ ಅದು ಅರ್ಧಕ್ಕೂ ಇಳಿಯುವುದುಂಟಂತೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕೆಂದು ಹೇಳಿ, ಹನಿಮದ್ದು ಬರೆದುಕೊಟ್ಟರು.

ಬಿ.ಟಿ.ಎಂ. ಬಡಾವಣೆಯಲ್ಲಿರುವ ನನ್ನ ತಮ್ಮನ ಮಗ ಸಾಫ್ಟ್‌ವೇರ್ ಕೆಲಸದವನು. ಸಂಗತಿ ಕೇಳಿ ಒಂದು ಭಾನುವಾರ ಸ್ಲೇಟಿನಂಥ ವಸ್ತುವೊಂದನ್ನು ಹಿಡಿದು ಬಂದ. “ಅತ್ತೆ, ಇದು ಎಲೆಕ್ಟ್ರಾನಿಕ್ ಕಾಗದದ ಪರದೆ. ನನ್ನದೇ. ಒಂದು ತಿಂಗಳು ಇಟ್ಟುಕೊಂಡು ನೋಡಿ” ಎಂದು ನನ್ನ ಕಂಪ್ಯೂಟರಿಗೆ ಜೋಡಿಸಿದ. “ತಪ್ಪು ಮಾಡಿದವಳು ನಾನು, ದೂರು ಪರದೆಯ ಮೇಲೆಯೇ?” ಎಂದೆ. ಅವನು ನಕ್ಕು, ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿದ. ಬಿಸಿಲು ಬಿದ್ದಷ್ಟೂ ಅಕ್ಷರ ಸ್ಪಷ್ಟವಾಯಿತು! ನಮ್ಮ ಹಳೆಯ ಪರದೆಗಾದರೋ ಬಿಸಿಲೆಂದರೆ ಆಗದು.

ಇದರ ಮರ್ಮವನ್ನು ಅವನು ವಿವರಿಸಿದಂತೆ ಬರೆಯುತ್ತೇನೆ. ಸಾಮಾನ್ಯ ಪರದೆ ಹಿಂದಿನಿಂದ ಬೆಳಕು ಚೆಲ್ಲುವ ದೀಪ. ನಾವು ದೀಪವನ್ನೇ ದಿಟ್ಟಿಸುತ್ತಿರುತ್ತೇವೆ. ಈ ಪರದೆಯಲ್ಲಿ ಕೂದಲೆಳೆಯ ದಪ್ಪದ ಅಸಂಖ್ಯ ಕೋಶಗಳಿವೆ. ಪ್ರತಿಯೊಂದರಲ್ಲೂ ತಿಳಿಯಾದ ದ್ರವ, ಅದರೊಳಗೆ ಬಿಳಿಯ ಕಣಗಳು ಮತ್ತು ಕಪ್ಪು ಕಣಗಳು. ಎರಡಕ್ಕೂ ವಿರುದ್ಧ ವಿದ್ಯುದಂಶ. ವಿದ್ಯುತ್ತು ಸೆಳೆದಂತೆ ಕಪ್ಪು ಮೇಲೆ ಬಂದರೆ ಅಕ್ಷರ, ಬಿಳಿ ಮೇಲೆ ಬಂದರೆ ಬಯಲು. ಒಮ್ಮೆ ಮೂಡಿದ ಅಕ್ಷರವನ್ನು ನಿಲ್ಲಿಸಿಕೊಳ್ಳಲು ಆ ಕಣಗಳಿಗೆ ಮತ್ತೆ ವಿದ್ಯುತ್ತು ಬೇಕಿಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸಂಶೋಧಕರು ಇದಕ್ಕಾಗಿ 1997ರಲ್ಲಿ ಇ-ಇಂಕ್ ಸಂಸ್ಥೆಯನ್ನು ಕಟ್ಟಿದರು. 2004ರಲ್ಲಿ ಜಪಾನಿನಲ್ಲಿ ಸೋನಿಯ ಓದುಯಂತ್ರ, 2007ರಲ್ಲಿ ಕಿಂಡಲ್ ಬಂದವು. ಕಂಪ್ಯೂಟರಿಗೆ ಜೋಡಿಸುವ ಪರದೆಗಳು ಆ ಬಳಿಕದವು, 25.3 ಅಂಗುಲದ ದೊಡ್ಡ ಪರದೆಗಳು 2021ರಲ್ಲಿ ಬಂದವು.

ಆ ಕಪ್ಪು ಕಣಗಳ ಮಾತು ಕೇಳಿದಾಗ ತಾಳೆಗರಿಗಳ ನೆನಪಾಯಿತು. ಅಲ್ಲಿಯೂ ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿಯನ್ನೇ ತೀಡುತ್ತಿದ್ದರು. ಫ.ಗು. ಹಳಕಟ್ಟಿಯವರು ಮನೆಮನೆಗಳಿಂದ ಅಂಥ ಗರಿಗಳನ್ನು ಕೂಡಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರ ಕಣ್ಣಿಗೂ ಬೆಳಕು ಗರಿಯ ಮೇಲೆ ಬಿದ್ದು ಬಂದದ್ದೇ.

ಒಂದು ತಿಂಗಳು ಆ ಪರದೆಯ ಮೇಲೆಯೇ ಕೆಲಸ ಮಾಡಿದೆ. ಸಂಜೆಯ ಉರಿ ಬಹುಮಟ್ಟಿಗೆ ಇಳಿಯಿತು. ಆದರೆ ಗುಣವನ್ನು ಹೇಳಿ ದೋಷವನ್ನು ಮುಚ್ಚಿಡುವುದು ಸಲ್ಲದು. ಪುಟ ಸರಿಸಿದಾಗ ಹಿಂದಿನ ಸಾಲುಗಳ ಮಸುಕು ನೆರಳು ಉಳಿಯುತ್ತದೆ. ಬೇಗ ಬೇಗ ಓಡುವಂತೆ ಹೊಂದಿಸಿಕೊಂಡರೆ ಅಕ್ಷರದ ಅಂಚು ಒರಟಾಗಿ, ಒತ್ತಕ್ಷರಗಳು ಕಲಸಿಹೋಗುತ್ತವೆ. ಹಾಗೆ ಓಡಿಸಿದ ದಿನವೇ ‘ಥ’ಕಾರದ ಚುಕ್ಕೆ ನನ್ನ ಕಣ್ಣೆದುರೇ ಮಾಯವಾಯಿತು! ಅಂದಿನಿಂದ ನಿಧಾನದ ಹೊಂದಿಕೆಯನ್ನೇ ಇಟ್ಟುಕೊಂಡು, ಅಕ್ಷರವನ್ನು ದಪ್ಪಗೆ ಮಾಡಿಕೊಂಡು, ಪುಟಕ್ಕೊಮ್ಮೆ ಪರದೆಯನ್ನು ಪೂರ್ಣವಾಗಿ ಅಳಿಸಿ ಮೂಡಿಸುವ ಗುಂಡಿ ಒತ್ತುತ್ತೇನೆ. 13.3 ಅಂಗುಲದ ಈ ಪರದೆಯಲ್ಲಿ ಅಂಗುಲಕ್ಕೆ 207 ಚುಕ್ಕೆಗಳಿದ್ದರೆ, 25.3 ಅಂಗುಲದ್ದರಲ್ಲಿ ಸುಮಾರು 145 ಮಾತ್ರ. ನಮ್ಮ ಲಿಪಿಗೆ ಚಿಕ್ಕದೇ ಮೇಲು. ಚಲನಚಿತ್ರ ನೋಡಲು ಇದು ಸಲ್ಲದು. ರಾತ್ರಿ ಓದಲು ಮೇಜಿನ ದೀಪ ಬೇಕು.

ಬೆಲೆಯೋ, ನನ್ನ ಎರಡು ತಿಂಗಳ ಪಿಂಚಣಿಯನ್ನೂ ಮೀರುತ್ತದೆ. ಕೊಳ್ಳುವುದೋ ಬೇಡವೋ ಎಂದು ವಾರಗಟ್ಟಲೆ ತೂಗಿದೆ. “ಮಗಳ ಮದುವೆಗೆ ಸೀರೆ ಕೊಂಡಾಗ ಇಷ್ಟು ಯೋಚಿಸಲಿಲ್ಲ. ಕಣ್ಣಿಗೆ ಯಾಕೆ ಇಷ್ಟು ಯೋಚನೆ?” ಎಂದು ನಮ್ಮ ಮನೆಯವರು ಅಂದಮೇಲೆ ಕೊಂಡೆ. ಎಲ್ಲರೂ ಕೊಳ್ಳಬೇಕೆಂದು ನಾನು ಹೇಳಲಾರೆ. ವೈದ್ಯರಿಗೆ ತೋರಿಸಿದಾಗ ಅವರೂ, “ಒಳ್ಳೆಯದೇ, ಆದರೆ ಕಾಗದವನ್ನೇ ಆದರೂ ರೆಪ್ಪೆ ಬಡಿಯದೆ ಓದಿದರೆ ಕಣ್ಣು ಒಣಗುತ್ತದೆ” ಎಂದು ಎಚ್ಚರಿಸಿದರು. ಮನೆಯಲ್ಲಿ ಗಂಟೆಗಟ್ಟಲೆ ಟೈಪು ಮಾಡುವ ಸೊಸೆಯಂದಿರು, ಓದುವ ಮಕ್ಕಳು ಇದ್ದರೆ ಖರ್ಚಿಲ್ಲದ ಉಪಾಯಗಳನ್ನು ಮೊದಲು ಮಾಡಿ: ಅಕ್ಷರವನ್ನು ಹಿಗ್ಗಿಸಿ, ಪರದೆಯ ಬೆಳಕನ್ನು ಕೋಣೆಯ ಬೆಳಕಿಗೆ ಸರಿಯಾಗಿ ತಗ್ಗಿಸಿ, ನಡುನಡುವೆ ಎದ್ದು ಹೊರಗಿನ ಮರವನ್ನು ನೋಡಿ. ಉರಿ ನಿಲ್ಲದಿದ್ದರೆ ನನ್ನಂತೆ ವಯಸ್ಸನ್ನು ದೂರುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ.

ಮುಖ್ಯ ಪುಟಗಳನ್ನು ನಾನು ಈಗಲೂ ಕೊನೆಗೊಮ್ಮೆ ಹಾಳೆಯ ಮೇಲೆ ಮುದ್ರಿಸಿ, ನಮ್ಮ ಮನೆಯವರಿಂದ ಗಟ್ಟಿಯಾಗಿ ಓದಿಸಿ ಕೇಳುತ್ತೇನೆ. ಕಳೆದ ತಿಂಗಳು ಆ ಅಜ್ಜಿಯನ್ನು ಕಾಣಲು ಹೋಗಿದ್ದೆ. ದೇವರ ಕೋಣೆಯ ಗೂಡಿನಲ್ಲಿ ಆ ಸ್ಮರಣ ಸಂಚಿಕೆ ಇತ್ತು. ಮೊದಲ ಪುಟ ತೆರೆದು, ನಾನಿಟ್ಟ ಚುಕ್ಕೆಯ ಮೇಲೆ ಬೆರಳಿಟ್ಟು, “ಇದು ನಿನ್ನ ಕೈಯದು” ಎಂದರು. ಅಚ್ಚಿನ ಅಕ್ಷರಗಳ ನಡುವೆ ಅದೊಂದು ತುಸು ದಪ್ಪಗೆ ಕಾಣುತ್ತಿತ್ತು.